ಮೊಟ್ಟೆಗೊಂದು ಚಿಟಿಕೆ ಉಪ್ಪು

ನನ್ನ ಅಕ್ಕ ವಿನಿಫ್ರೆಡ್‌ಳ ಹೃದಯ ಸೋತಿತ್ತು. ಕಾಲು ಊದಿ ಹಾಸಿಗೆ ಹಿಡಿದಿದ್ದಳು. ಉಪ್ಪು ನಾಲಿಗೆಗೂ ಸೋಕಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಆರೈಕೆಗೆಂದು ನಾನು ನಾರ್ಫೋಕ್‌ನ ಆ ಮರಳುನೆಲದ ಮನೆಗೆ ಬಂದಾಗ, ಭಾವ ರೂಬೆನ್ ಸಕ್ಕರೆ ಬೀಟ್ ಬಿತ್ತುವ ಹೊಲಕ್ಕೆ ಮೂಟೆಗಟ್ಟಲೆ ಉಪ್ಪು ಎರಚುತ್ತಿದ್ದ.

ಬೀಟ್ ಮೂಲದಲ್ಲಿ ಕಡಲದಂಡೆಯ ಗಿಡ. ಉಪ್ಪು ಸಿಕ್ಕರೆ ಅದರ ಎಲೆ ಬೇಗ ಹರಡುತ್ತದೆ, ಪೊಟ್ಯಾಷ್ ಗೊಬ್ಬರ ಕಡಿಮೆ ಸಾಕು. ಎರಡೂ ಅತಿಯಾದರೆ ಗೆಡ್ಡೆಯಲ್ಲಿ ಸೇರಿಕೊಂಡು, ಕಾರ್ಖಾನೆಯಲ್ಲಿ ಸಕ್ಕರೆ ಸರಿಯಾಗಿ ಹರಳುಗಟ್ಟುವುದಿಲ್ಲ. ರೂಬೆನ್ ಅಳತೆ ತಪ್ಪಿದವನಲ್ಲ. ಮನೆಯೊಳಗೂ ಅದೇ ಹಟ.

ಉಪ್ಪಿನ ಬದಲಿಗೆ ಡಾಕ್ಟರು ಅಕ್ಕನಿಗೆ ಕೊಟ್ಟಿದ್ದ ಬಿಳಿಪುಡಿಯೂ ಪೊಟ್ಯಾಷೇ. ಬಾಯಿಗಿಟ್ಟರೆ ಕಹಿ.

“ನೋಡೇ ಆಲಿವ್, ನನ್ ಉಪ್ಪು ಬೀಟಿಗೆ, ಬೀಟಿನ ಗೊಬ್ಬರ ನಂಗೆ! ಇವನ ಹೆಂಡ್ತಿ ಆಗೋ ಬದ್ಲು ಬೀಟ್ ಆಗಿದ್ರೆ ಸುಖವಾಗಿರ್ತಿದ್ದೆ,” ಎಂದು ಅಕ್ಕ ಕಿಚಾಯಿಸುತ್ತಿದ್ದಳು.

“ಸುಮ್ನಿರೇ. ಅಕ್ಟೋಬರ್‌ಗೆ ನಿನ್ನೂ ಕಿತ್ತು ಗಾಡಿಗೆ ಹಾಕ್ತಿದ್ದೆ,” ಎನ್ನುತ್ತಿದ್ದ ಭಾವ.

ಮಾರ್ಚಿನಲ್ಲಿ ಆ ನಗುವೂ ನಿಂತಿತು. ಒಂದು ಬೆಳಿಗ್ಗೆ ಅಕ್ಕ ಅವನ ತೋಳು ಹಿಡಿದಳು. “ರೂಬೆನ್, ಒಂದೇ ಒಂದು ಬೇಯಿಸಿದ ಮೊಟ್ಟೆ. ನಿಜವಾದ ಉಪ್ಪು ಹಾಕಿ ಕೊಡೋ. ಇನ್ನೇನೂ ಕೇಳಲ್ಲ.”

ಅವನು ಅಡುಗೆಮನೆಗೆ ಬಂದ. ಉಪ್ಪಿನ ಡಬ್ಬಿ ಕೈಗೆತ್ತಿಕೊಂಡು ಬಹಳ ಹೊತ್ತು ನಿಂತ. ಆಮೇಲೆ ಅದನ್ನಿಟ್ಟು, ಬೆಂದ ಮೊಟ್ಟೆಯ ಚಿಪ್ಪಿನ ತುದಿಯಷ್ಟೇ ಒಡೆದು, ಒಳಗೆ ಆ ಕಹಿಪುಡಿಯನ್ನೇ ಉದುರಿಸಿದ. ನನ್ನತ್ತ ನೋಡಿ, ಹೇಳಬೇಡ ಎಂಬಂತೆ ತಲೆಯಾಡಿಸಿದ. ನನಗೆ ಮೈಯೆಲ್ಲ ಉರಿಯಿತು, ಆದರೂ ಬಾಯಿ ಬಿಡಲಿಲ್ಲ.

ಅಕ್ಕ ಒಂದು ಚಮಚ ಬಾಯಿಗಿಟ್ಟುಕೊಂಡು, “ಅಬ್ಬಾ, ಉಪ್ಪಂದ್ರೆ ಇದು!” ಎಂದಳು. ಚಿಪ್ಪಿನ ತಳದವರೆಗೂ ಕೆರೆದು ತಿಂದಳು. ಅವನು ಹೊಲಕ್ಕೆ ಹೋದ ಮೇಲೆ ನನ್ನಿಂದ ನೀರು ಕೇಳಿ ಪಡೆದು ಬಾಯಿ ಮುಕ್ಕಳಿಸಿದಳು. “ಗೊಬ್ಬರ ಕಣೇ,” ಎಂದಳು. “ಅವನಿಗೆ ಹೇಳ್ಬೇಡ.”

ನಾಲ್ಕನೆಯ ದಿನ ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದ ಮೇಲೆ ರೂಬೆನ್ ಟೊಪ್ಪಿಯನ್ನೂ ತೆಗೆಯದೆ ಕುರ್ಚಿಯಲ್ಲಿ ಕುಸಿದ. “ಮೋಸ ಮಾಡ್ದೆ ಆಲಿವ್. ಪಾಪ, ನಂಬಿಬಿಟ್ಲು.”

ದುಃಖಕ್ಕಿಂತ ಸಿಟ್ಟೇ ಮುಂದಾಯಿತು ನನಗೆ. “ನಂಬಿರ್ಲಿಲ್ಲ ಭಾವ. ಮೊದಲ್ನೇ ಚಮಚಕ್ಕೇ ಗೊತ್ತಾಗಿತ್ತು ಅವಳಿಗೆ.”

ಅವನು ನನ್ನನ್ನೇ ದಿಟ್ಟಿಸಿದ.

“ಮತ್ತೆ ಪೂರ್ತಿ ಯಾಕೆ ತಿಂದ್ಲು?”