ಗುರುಪ್ರಕಾಶನ ‘ಕೇಳ್ತದಾ?’

ಹೆಡ್‌ಫೋನ್ ಇಲ್ಲದ ಗುರುಪ್ರಕಾಶನನ್ನು ಹನೂರಿನಲ್ಲಿ ನೋಡಿದವರೇ ಇಲ್ಲ. ಮದುವೆ ಊಟದ ಪಂಕ್ತಿಯಲ್ಲೂ ಸಾವಿನ ಮನೆಯ ಅಂಗಳದಲ್ಲೂ ಅದು ಅವನ ಕಿವಿಯಲ್ಲೋ ಕೊರಳಲ್ಲೋ ಆಭರಣದಂತೆ ವಿರಾಜಿಸುತ್ತಿತ್ತು. ಕೂಗಿದರೂ ತಿರುಗದ ಈ ಮಹಾಶಯನನ್ನು ಕಂಡು ಜನ, “ಆಡು ಕೇಳ್ತಾವ್ನೆ ಬುಡ್ಲಾ” ಎಂದು ನಕ್ಕು ಮುಂದೆ ಹೋಗುತ್ತಿದ್ದರು. ಜೊತೆಗೆ ನಡೆಯುವವರನ್ನು ತೋಳು ಹಿಡಿದು ತನ್ನ ಎಡಕ್ಕೆ ಎಳೆದುಕೊಳ್ಳುವುದು ಅವನ ಇನ್ನೊಂದು ವಿಚಿತ್ರ ಅಭ್ಯಾಸ.

ಗುಜರಿಗೆ ಹೋಗಬೇಕಾದ ಕಂಪ್ಯೂಟರುಗಳನ್ನು ತಂದು, ಅವಕ್ಕೆ ಲಿನಕ್ಸ್ ಎಂಬ, ಒಡೆಯನಿಲ್ಲದ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ವ್ಯವಸ್ಥೆಯನ್ನು ತುಂಬಿ, ಅಕ್ಕಿ ಗಿರಣಿಗಳಿಗೂ ಲಾಡ್ಜುಗಳಿಗೂ ಟೆಲಿಫೋನ್ ಎಕ್ಸ್‌ಚೇಂಜ್ ಮಾಡಿಕೊಡುವುದು ಅವನ ಕಸುಬು. “ಮುಚ್ಚಿಡದೇನೈತೆ ಸಾ? ಎಲ್ಲಾ ತೆರೆದೇ ಅದೆ, ನೋಡ್ಕಳಿ” ಎಂಬುದು ಅವನ ಜೀವನಸಿದ್ಧಾಂತ. ಲೈನು ಎಳೆದಾದ ಮೇಲೆ “ಕೇಳ್ತದಾ?” ಎನ್ನುತ್ತಿದ್ದ; ಆ ತುದಿಯವರು “ಕೇಳ್ತದೆ” ಎಂದೊಡನೆ ಪರದೆಯ ಮೇಲೆ ಆ ದನಿಗೆ ತಕ್ಕಂತೆ ಕುಣಿಯುವ ಹಸಿರು ಗೆರೆಯನ್ನು ನೋಡಿ ಕೃತಾರ್ಥನಾಗುತ್ತಿದ್ದ. ಬಿಡುವಾದರೆ ಅದೇ ಯಂತ್ರದಲ್ಲಿ, ದೂರದೂರಿನವರೊಡನೆ ಕೂಡಿ, ಬಂದೂಕು ಹಿಡಿದು ಓಡಾಡುವ ಆಟ.

ಅವನ ಹೆಂಡತಿ ದೀಪಳಿಗೆ ದಕ್ಕುತ್ತಿದ್ದುದು ಮಾತ್ರ ಬೇರೆಯೇ ಮಾತು: “ಆಯ್ತು ಬುಡಮ್ಮಿ.” ಅಡುಗೆಮನೆಯಿಂದ ಏನು ಹೇಳಿದರೂ ಅದೇ, ತಾಯಿಗೆ ಕಾಯಿಲೆ ಎಂದು ಅತ್ತಾಗಲೂ ಅದೇ. ಈ ದರಿದ್ರ ಯಂತ್ರ ತನ್ನ ಗಂಡನನ್ನು ನುಂಗಿ ನೀರು ಕುಡಿಯಿತೆಂದು ಅವಳು ಒಳಗೊಳಗೇ ಬೇಯುತ್ತಿದ್ದಳು. ಕೊನೆಗೊಂದು ಮಧ್ಯಾಹ್ನ ಅಂಗಡಿಗೇ ಬಂದು, ಆಟದಲ್ಲಿ ಮುಳುಗಿದ್ದವನ ಬೆನ್ನ ಹಿಂದೆ ನಿಂತು, “ನಾನು ಯಳಂದೂರ್ಗೆ ಓಯ್ತೀನಿ. ಇನ್ನ್ ಬರಕಿಲ್ಲ” ಎಂದಳು. ಮೇಜಿನ ಮೇಲಿನ ಮೈಕು ಆ ಮಾತನ್ನು ಹಿಡಿಯಿತು, ಅವಳ ನೆರಳು ಬಿದ್ದ ಪರದೆಯ ಮೂಲೆಯಲ್ಲಿ ಹಸಿರು ಗೆರೆ ಕುಣಿಯಿತು. ಗುರುಪ್ರಕಾಶ ಕುತ್ತಿಗೆಯನ್ನೂ ಹೊರಳಿಸದೆ, “ಆಯ್ತು ಬುಡಮ್ಮಿ” ಎಂದ.

ತವರಿಗೆ ಬಂದ ದೀಪಳಿಗೆ ಯಳಂದೂರಿನ ಜೇನು ಸಂಘದಲ್ಲಿ ಜಡಯ್ಯ ಸಿಕ್ಕ. ಬಿಳಿಗಿರಿ ಬೆಟ್ಟದ ಪೋಡಿನವನು, ಅಂದರೆ ಕಾಡಿನ ಹಾಡಿಯವನು; ಸಂಘದ ಫೋನುಗಳನ್ನು ಕೂರಿಸಲು ಬಂದ ಗುರುಪ್ರಕಾಶನಿಗೆ ಆಟದ ಜೊತೆಗಾರನಾದವನು. ಅವಳು ಗಂಡನ ಮೇಲಿನ ಸಿಟ್ಟನ್ನೆಲ್ಲ ಅವನೆದುರು ಕಾರಿಕೊಂಡಾಗ ಜಡಯ್ಯ ತಬ್ಬಿಬ್ಬಾದ.

“ಅಕ್ಕೋ, ಅಣ್ಣಂಗೆ ಕಿವಿ ಕೇಳಕಿಲ್ವಲ್ಲ! ಆಟದಾಗೆ ಬೆನ್ನಿಂದ್ಗಡೆಯಿಂದ ಯಾರ್ ಬಂದ್ರೂ ಅಣ್ಣ ಏಟು ತಿಂತದೆ. ಎಜ್ಜೆ ಸದ್ದು ನಮ್ಗೆಲ್ಲ ಕೇಳ್ತದೆ, ಅಣ್ಣಂಗಿಲ್ಲ. ನಿಮ್ಗೆ ಗೊತ್ತಿಲ್ವಾ?”

ಒಂದೇ ಸೂರಿನಡಿ ಬಾಳಿದ ಹೆಂಡತಿಗೆ ತಿಳಿಯದ್ದು ಬೆಟ್ಟದ ಮೇಲಿನ ಆಟಗಾರನಿಗೆ ತಿಳಿದಿತ್ತು! ಅಷ್ಟಿಷ್ಟು ಕೇಳುವ ಕಿವಿಯ ಕಡೆಗೆ, ಎಡಕ್ಕೆ ಎಳೆದುಕೊಳ್ಳುವ ಆ ಕೈ, ಎಲ್ಲಿ ಹೋದರೂ ಬಾಗಿಲಿಗೆ ಮುಖ ಮಾಡಿ ಕೂರುವ ಆ ಹಟ, ಸೀದು ಹೋಗುವವರೆಗೂ ಅವನಿಗೆ ಕೇಳದ ಕುಕ್ಕರಿನ ಕೂಗು, ಎಲ್ಲವೂ ಒಟ್ಟಿಗೇ ಮೈಮೇಲೆ ಬಿದ್ದಂತಾಗಿ ಅವಳು ಅಲ್ಲೇ ಜೇನಿನ ಡಬ್ಬಗಳ ನಡುವೆ ಕೂತುಬಿಟ್ಟಳು. ಎಲ್ಲಾ ತೆರೆದೇ ಅದೆ ಎನ್ನುತ್ತಿದ್ದ ಮನುಷ್ಯ!

ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ ಹನೂರಿಗೆ ಬಂದವಳು ಈ ಸಲ ಅವನೆದುರು ನಿಂತಳು. ಕಿವಿಯ ಮೇಲಿನ ಹೆಡ್‌ಫೋನನ್ನು ತಾನೇ ತೆಗೆದಳು. ಅದರ ತಂತಿಯ ತುದಿ ಅಂಗಿಯ ಜೇಬಿನಿಂದ ಬರಿದೇ ಹೊರಬಂತು. ಅದು ಯಾವುದಕ್ಕೂ ಸೇರಿರಲಿಲ್ಲ.

“ನಿಮ್ಗೆ ಕೇಳ್ತದಾ?” ಎಂದಳು.

ಅವನು ಅವಳ ತುಟಿಗಳನ್ನೇ ನೋಡಿದ. ‘ಆಯ್ತು’ ಎನ್ನಲು ತೆರೆದ ಬಾಯಿ ಹಾಗೆಯೇ ನಿಂತಿತು.

“ಇಲ್ಲ ಕಣಮ್ಮಿ,” ಎಂದ. ಆಮೇಲೆ ಮೆಲ್ಲಗೆ, “ಅವತ್ತು ಅಂಗ್ಡಿಗ್ ಬಂದಿದ್ದಲ್ಲ, ಏನಂದೆ?”

ದೀಪಳಿಗೆ ದುಃಖ ಉಕ್ಕಿ ಬಂತು. ತುಟಿ ಅವನಿಗೆ ಕಾಣುವಂತೆ ಬಿಡಿಸಿ ಬಿಡಿಸಿ ಹೇಳಿದಳು: “ಬೇಗ ಬತ್ತೀನಿ ಅಂದೆ.”

ಊರಿನ ಮಾತನ್ನು ಊರಿಗೆ ಮುಟ್ಟಿಸುವ ಇಂಥವರು ಎಲ್ಲ ಕಡೆಯೂ ಇರುತ್ತಾರೆ. ಅವರು ‘ಕೇಳ್ತದಾ?’ ಎಂದಾಗ ನಾವು ‘ಕೇಳ್ತದೆ’ ಎಂದು ಫೋನಿಟ್ಟುಬಿಡುತ್ತೇವೆ. ‘ನಿಮಗೋ?’ ಎಂದು ತಿರುಗಿ ಕೇಳುವುದಿಲ್ಲ.