ಅರೆಥೂಸಾಳ ಮೂಗು

"ಮೂಗೇ ಮೊದಲು ಹೋಗೋದು," ಎನ್ನುತ್ತ ಡೆಕ್ಸಿಪ್ಪೋಸ್ ಹೊಸ ಅಚ್ಚಿನ ಮೊದಲ ಬೆಳ್ಳಿ ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದ. "ನಾಲ್ಕು ಜನರ ಕೈಯಲ್ಲಿ ಓಡಾಡಲಿ, ನಮ್ಮ ದೇವಿ ಜಗಳದಲ್ಲಿ ಏಟು ತಿಂದು ಬಂದವಳ ಥರ ಕಾಣ್ತಾಳೆ."

ಅವನು ಗ್ರೀಕರ ಸಿರಾಕ್ಯೂಸ್ ಪಟ್ಟಣದ ಟಂಕಸಾಲೆಯ ಮೇಲ್ವಿಚಾರಕ. ಅವನು ಬೇಡವೆಂದರೆ ಅಚ್ಚನ್ನು ಅಲ್ಲೇ ಜಜ್ಜಿಬಿಡುವುದು ಪದ್ಧತಿ. ಮೂವತ್ತು ವರ್ಷ ಅಚ್ಚು ಕೊರೆದು, ಈಗ ಇದನ್ನೂ ಕೊರೆದಿದ್ದ ಗ್ಲಾಕೋನನ ಕಣ್ಣಿಗೆ ಪೊರೆ ಬಂದಿತ್ತು. ಇನ್ನೊಂದನ್ನು ಅವನು ಕೊರೆಯಲಾರನೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

ಒಂದು ಮಗ್ಗುಲಲ್ಲಿ ಎಂದಿನಂತೆ ನಾಲ್ಕು ಕುದುರೆಯ ರಥ, ಸಾರಥಿಯ ತಲೆಗೆ ಮಾಲೆ ಹಿಡಿದು ಹಾರಿಬರುವ ವಿಜಯದೇವತೆ ನೀಕೆ. ತಕರಾರು ಇನ್ನೊಂದು ಮಗ್ಗುಲಿನದು. ಊರಿನ ಬುಗ್ಗೆಯ ದೇವತೆ ಅರೆಥೂಸಾಳ ಮುಖವನ್ನು ಎಲ್ಲರೂ ಪಕ್ಕಕ್ಕೆ ತಿರುಗಿಸಿ ಕೊರೆಯುತ್ತಿದ್ದರು. ಗ್ಲಾಕೋನನ ಅರೆಥೂಸಾ ನೆಟ್ಟಗೆ ನೋಡುತ್ತಿದ್ದಳು; ಮೂಗು ಎಲ್ಲಕ್ಕಿಂತ ಮುಂದೆ ಉಬ್ಬಿತ್ತು.

"ಎಲ್ಲಾರ ಥರ ಕೊರೆಯೋಕೆ ನಿಂಗೇನಾಗಿತ್ತಯ್ಯಾ?"

"ಊರಿನವಳು ಸ್ವಾಮಿ. ಎದುರಾದಾಗ ಮುಖ ತಿರುಗಿಸ್ಕೊಂಡು ಹೋಗೋಕೆ ನಾವೇನು ಅವಳಿಗೆ ಆಗದವರಾ?"

ಸುತ್ತಿಗೆಯ ಆಳುಗಳು ನಕ್ಕರು. ಡೆಕ್ಸಿಪ್ಪೋಸ್ ನಗಲಿಲ್ಲ. ನಾಣ್ಯವನ್ನು ಕೆಳಗಿಡಲೂ ಇಲ್ಲ.

"ಅಚ್ಚು ಬಿರುಕು ಬಿಡೋವರೆಗೆ ನಾಣ್ಯ ಹೊಡೀರಿ," ಎಂದ ಕೊನೆಗೆ. "ಮೂಗು ಸವೆದ ದಿನ ನನ್ನ ಮಾತು ನೆನಸ್ಕೊ, ಗ್ಲಾಕೋನ್."

ಮೂರು ವರ್ಷದ ಮೇಲೆ, ಹೆಂಡತಿ ಮಿರ್ಟೊಳ ಕೈಹಿಡಿದು ಗ್ಲಾಕೋನ್ ಮೀನಿನ ಸಂತೆಗೆ ಬಂದಿದ್ದ. ಈಗ ಬೆಳಕು ಬಿಟ್ಟರೆ ಅವನಿಗೆ ಬೇರೇನೂ ಕಾಣುತ್ತಿರಲಿಲ್ಲ.

"ವ್ಯಾಪಾರ ಹೆಂಗಮ್ಮ?" ಎಂದಳು ಮಿರ್ಟೊ.

"ಇವಳಿರೋವಾಗ ನಂಗೇನು ಕಮ್ಮಿ?" ಮೀನಿನವಳು ಬಟ್ಟೆಯ ಗಂಟು ಬಿಚ್ಚಿ ಒಂದು ನಾಣ್ಯ ತೋರಿಸಿದಳು. "ಇದೊಂದನ್ನ ಖರ್ಚು ಮಾಡಿಲ್ಲ. ದಿನಾ ಇವಳ ಮುಖ ಸವರಿಯೇ ಬುಟ್ಟಿಗೆ ಕೈ ಹಾಕೋದು. ಬೇರೆ ನಾಣ್ಯದವಳು ಎಲ್ಲೋ ನೋಡ್ತಿರ್ತಾಳೆ. ಇವಳು ನನ್ನನ್ನೇ ನೋಡ್ತಾಳೆ."

ಮಿರ್ಟೊ ಬಾಯಿ ತೆರೆದಳು. ಗ್ಲಾಕೋನ್ ಅವಳ ಮುಂಗೈ ಒತ್ತಿದ.

"ಕೊಡಮ್ಮ, ನೋಡ್ತೀನಿ."

"ಕಣ್ಣಿಲ್ದೆ ಹೆಂಗೆ ನೋಡ್ತೀಯ ತಾತಾ?" ಎನ್ನುತ್ತಲೇ ಅವಳು ಅದನ್ನು ಅವನ ಅಂಗೈಗಿಟ್ಟಳು.

ಅವನ ಹೆಬ್ಬೆರಳು ಅಂಚಿನಿಂದ ಒಳಗೆ ಬಂತು. ಕೂದಲ ಸುರುಳಿಗಳು ಹಾಗೇ ಇದ್ದವು. ನಡುವೆ ಮಾತ್ರ ಹೊಳೆಯ ಕಲ್ಲಿನಷ್ಟು ನುಣುಪು.

"ಮೂಗು ಹೋಗಿದೆಯಲ್ಲಮ್ಮ."

"ಹೋದ್ರೇನು?" ಅವಳ ದನಿ ಬಿರುಸಾಯಿತು. "ನಾನೇ ಸವರಿ ಸವರಿ ಹೋಗಿದ್ದು."

ಗ್ಲಾಕೋನ್ ನಾಣ್ಯವನ್ನು ತಕ್ಷಣ ಹಿಂದಿರುಗಿಸಲಿಲ್ಲ. ಸಂತೆಯ ನೂಕಾಟದ ನಡುವೆ ಬೆನ್ನು ನೆಟ್ಟಗೆ ಮಾಡಿ ನಿಂತು, ಅರೆಥೂಸಾಳ ಮುಖ ಮೇಲಾಗುವಂತೆ ಅಂಗೈಯನ್ನು ಬಿಸಿಲಿಗೆ ಹಿಡಿದ.