ಹನ್ನೆರಡನೆಯವನ ಕಾಲು

ರಾಯಪ್ಪನ ಬಲಗಾಲಿಗೆ ಕೊಡಲಿ ಬಿದ್ದು ಮೂರು ವಾರವಾಗಿತ್ತು. ಕಾಫಿ ತೋಟದಲ್ಲಿ ನೆರಳಿನ ಮರದ ಕೊಂಬೆ ಕಡಿಯುವಾಗ ಆದದ್ದು. ಹೆಂಡತಿ ಜ್ಞಾನಮ್ಮ ಅರಿಸಿನ ಮೆತ್ತಿದಳು, ಕಾಫಿಪುಡಿ ಒತ್ತಿದಳು, ಹಳೆಯ ಸೀರೆ ಹರಿದು ಸುತ್ತಿದಳು. ಗಾಯ ಯಾವುದಕ್ಕೂ ಬಗ್ಗಲಿಲ್ಲ. ಪಾದ ಊದಿ ಕಪ್ಪಾಯಿತು. ವಾಸನೆ ಕೂಲಿಯವರ ಸಾಲುಮನೆಗಳ, ಅಂದರೆ ಲೈನಿನ, ಆ ತುದಿಯವರೆಗೆ ಹೋಗುತ್ತಿತ್ತು.

"ಲಾರಿ ಮಡಿಕೇರಿಗೆ ಹೋಗುವಾಗ ಇವ್ರನ್ನೂ ಆಸ್ಪತ್ರೆತಾವ ಇಳಿಸ್ಲಿ ದೊರೆ," ಎಂದು ಅವಳು ಗಾಯವಾದ ವಾರವೇ ಬಂಗಲೆಯ ಮೆಟ್ಟಿಲ ಕೆಳಗೆ ನಿಂತು ಬೇಡಿದ್ದಳು.

ತೋಟದ ಮಾಲೀಕ ಜೆರೋಮ್ ದೊರೆ ದೈವಭಕ್ತರು. ತೋಟದೊಳಗೇ ಚರ್ಚು ಕಟ್ಟಿಸಿದವರು. ಭಾನುವಾರ ಪೂಜೆ ತಪ್ಪಿಸಿದ ಆಳಿಗೆ ಸೋಮವಾರ ಕೆಲಸ ತಪ್ಪಿಸುವಷ್ಟು ಭಕ್ತರು. ಅವರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು.

"ಲಾರಿ ಇರೋದು ಕಾಫಿಗೆ, ಜ್ಞಾನಮ್ಮ. ಕಾಯಿಲೆಗೆ ಇರೋದು ಪ್ರಾರ್ಥನೆ. ನಾನೂ ಮಾಡ್ತೀನಿ."

ಮಾಡಿದರು ಕೂಡ. ಆ ವಿಷಯದಲ್ಲಿ ದೊರೆ ಸುಳ್ಳು ಹೇಳುವವರಲ್ಲ.

ಅಷ್ಟರಲ್ಲಿ ಪವಿತ್ರ ಗುರುವಾರ ಬಂತು. ಯೇಸುಸ್ವಾಮಿ ಸಾಯುವ ಹಿಂದಿನ ದಿನ ತಮ್ಮ ಹನ್ನೆರಡು ಶಿಷ್ಯರ ಕಾಲು ತೊಳೆದರಲ್ಲ, ಅದರ ನೆನಪಿಗೆ ದೊರೆ ಪ್ರತಿವರ್ಷ ಹನ್ನೆರಡು ಆಳುಗಳ ಕಾಲು ತೊಳೆಯುತ್ತಿದ್ದರು. ಆಗ ಕೊಡಗು ಇನ್ನೂ ಬೇರೆಯೇ ರಾಜ್ಯ. ಆ ಸಲ ರಾಜಧಾನಿ ಮಡಿಕೇರಿಯಿಂದ ಒಬ್ಬ ದೊಡ್ಡ ಅಧಿಕಾರಿ ಬರುವವರಿದ್ದರು, ಜೊತೆಗೊಬ್ಬ ಫೋಟೋಗ್ರಾಫರ್. ಚೆಂದದ ಕಾಲುಗಳನ್ನು ಆರಿಸುವ ಕೆಲಸ ತೋಟದ ಲೆಕ್ಕ ಬರೆಯುವ ರೈಟರ್ ಪರಮೇಶಪ್ಪನವರ ತಲೆಗೆ ಬಿತ್ತು.

ಹಣೆತುಂಬ ವಿಭೂತಿ ಬಳಿದ ಪರಮೇಶಪ್ಪ ಲೈನಿನ ಮುಂದೆ ಸ್ಟೂಲು ಹಾಕಿ ಕೂತರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವಂತೆ ಕಾಲು ನೋಡಿದರು.

"ನಿಂದು ಹಿಮ್ಮಡಿ ಒಡೆದು ಬೇಸಿಗೆ ಗದ್ದೆ ಆಗೈತೆ. ನಡಿ ನಡಿ."

"ನಿಂಗೆ ಉಗುರೇ ಇಲ್ವಲ್ಲೋ?"

"ಹೋದೊರ್ಷ ದಿಮ್ಮಿ ಉರುಳಿತ್ತಲ್ಲ ಸ್ವಾಮಿ. ನೀವೇ ಇದ್ರಿ."

"ಹ್ಞೂಂ, ನಡಿ."

ಹನ್ನೊಂದು ಜನ ಸಿಕ್ಕರು. ಅವರ ಕಾಲನ್ನು ಬಿಸಿನೀರಲ್ಲಿ ನೆನೆಸಿ, ಕಲ್ಲಿನಿಂದ ಉಜ್ಜಿಸಿ, ಕೊಬ್ಬರಿ ಎಣ್ಣೆ ಹಚ್ಚಿಸಿದ್ದಾಯಿತು. ದೊರೆ ಮುಟ್ಟುವ ಕಾಲು ಕೊಳೆಯಾಗಿರಬಾರದಲ್ಲ! ಹನ್ನೆರಡನೆಯದಕ್ಕೆ ಲಾರಿ ಡ್ರೈವರ್ ಕೆಂಪಣ್ಣನೇ ಗತಿಯಾದ. ಇಡೀ ಲೈನಿನಲ್ಲಿ ಬೂಟು ಹಾಕುತ್ತಿದ್ದವನು ಅವನೊಬ್ಬನೇ.

"ನಾನು ಮಾದಪ್ಪನ ಒಕ್ಕಲು ಕಣ್ರೀ," ಎಂದ ಕೆಂಪಣ್ಣ.

"ನಾನೇನು ಪಾದ್ರೀನಾ? ಕಾಲಿಗೆ ಯಾವ ದೇವ್ರೋ! ಸುಮ್ನೆ ಕೂತ್ಕೋ."

ಗುರುವಾರ ಬೆಳಿಗ್ಗೆ ಫಾದರ್ ಪೂಜೆ ಮುಗಿಸಿದರು. ಹನ್ನೆರಡು ಜನ ಚರ್ಚಿನ ಬೆಂಚಿನ ಮೇಲೆ ಸಾಲಾಗಿ ಕೂತರು. ದೊರೆ ಸೊಂಟಕ್ಕೆ ಬಿಳಿ ಟವಲು ಸುತ್ತಿ, ಹಿತ್ತಾಳೆ ಚೊಂಬು ಹಿಡಿದು ಮೊಣಕಾಲೂರಿದರು. ನೀರಲ್ಲಿ ಗುಲಾಬಿ ಎಸಳು ತೇಲುತ್ತಿತ್ತು. "ಈ ಕಡೆಯಿಂದ ಶುರು ಮಾಡಿ, ಬೆಳಕು ಚೆನ್ನಾಗಿದೆ," ಎಂದ ಫೋಟೋಗ್ರಾಫರ್. ಈ ಕಡೆಯ ತುದಿಯಲ್ಲಿದ್ದವನು ಕೆಂಪಣ್ಣ.

ಅವನು ಎದ್ದು ನಿಂತ.

"ಇದು ನನ್ ಜಾಗ ಅಲ್ಲ ದೊರೆ. ಜಾಗದವ್ನು ಹಿಂದೆ ಕುಂತವ್ನೆ."

ಹೆಂಡತಿಯ ಹೆಗಲು ಹಿಡಿದು ಪೂಜೆಗೆ ಬಂದಿದ್ದ ರಾಯಪ್ಪ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದ. ಕೆಂಪಣ್ಣ ಅವನನ್ನು ಎತ್ತಿ ತಂದು ತನ್ನ ಜಾಗದಲ್ಲಿ ಕೂರಿಸಿದ. ಜ್ಞಾನಮ್ಮ ಬಂದು ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಅಧಿಕಾರಿ ಕರ್ಚೀಫು ಮೂಗಿಗೆ ಹಿಡಿದರು. ಫೋಟೋಗ್ರಾಫರ್ ಕ್ಯಾಮೆರಾ ಕೆಳಗಿಳಿಸಿದ.

ಚೊಂಬು ಎತ್ತಿದ ದೊರೆಯ ಕೈ ಎತ್ತಿದಂತೆಯೇ ಉಳಿಯಿತು. ಮೆಲ್ಲನೆ ಹೇಳಿದರು: "ಇದನ್ನ ಆಸ್ಪತ್ರೆಗೆ ತೋರಿಸಬೇಕಪ್ಪ."

"ಹೂಂ ದೊರೆ," ಎಂದ ರಾಯಪ್ಪ. "ಮೂರು ವಾರದಿಂದ ನಾವು ಅದನ್ನೇ ಕೇಳ್ತಾ ಇದೀವಿ."

ದೊರೆ ಮೊಣಕಾಲಿನಲ್ಲೇ ಜರುಗಿ ಎರಡನೆಯವನಾದ ಸಾಂತಪ್ಪನ ಮುಂದೆ ಹೋದರು. ಸಾಂತಪ್ಪ ಕಾಲು ಹಿಂದಕ್ಕೆಳೆದುಕೊಂಡ.

"ಮೊದ್ಲು ಅವಂದು, ದೊರೆ."

ಮೂರನೆಯವನೂ ಎಳೆದುಕೊಂಡ. ಆಮೇಲೆ ನಾಲ್ಕನೆಯವನು. ಎಣ್ಣೆಯಿಂದ ಹೊಳೆಯುತ್ತಿದ್ದ ಅಷ್ಟೂ ಕಾಲು ಬೆಂಚಿನ ಕೆಳಗೆ ಸೇರಿಕೊಂಡವು. ತೊಳೆಯುವುದಕ್ಕೆ ಒಂದೂ ಕಾಲಿಲ್ಲದೆ ದೊರೆ ಮೊಣಕಾಲೂರಿಯೇ ಇದ್ದರು. ಫಾದರ್ ಪುಸ್ತಕ ಮುಚ್ಚಿ ನೆಲ ನೋಡಿದರು.

ಹೊರಗೆ ಲಾರಿ ಸದ್ದಾಯಿತು. ಕೆಂಪಣ್ಣ ಯಾರನ್ನೂ ಕೇಳಿರಲಿಲ್ಲ. ಹನ್ನೊಂದು ಜನ ಸೇರಿ ರಾಯಪ್ಪನನ್ನು ಎತ್ತಿ ಒಳಗೆ ಮಲಗಿಸಿ, ತಾವೂ ಹತ್ತಿದರು.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. "ಎರಡು ವಾರ ಮೊದಲು ಬಂದಿದ್ರೆ ಉಳೀತಿತ್ತು," ಎಂದರು ಡಾಕ್ಟರು. ಜ್ಞಾನಮ್ಮ ಅತ್ತದ್ದು ಆಗಲೇ.

ಶುಭ ಶುಕ್ರವಾರ ಕೆಂಪಣ್ಣನನ್ನು ಕೆಲಸದಿಂದ ತೆಗೆದರು. ಈಸ್ಟರ್ ಕಳೆದ ಸೋಮವಾರ ಬೆಳಿಗ್ಗೆ ಪರಮೇಶಪ್ಪ ಲೈನಿಗೆ ಬಂದರು.

"ಹಬ್ಬ ಅಂತ ದೊರೆ ನಿಮ್ಮನ್ನೆಲ್ಲ ಕ್ಷಮಿಸವ್ರೆ. ಬಂಗ್ಲೆತಾವ ಬಂದು ತಪ್ಪಾಯ್ತು ಅಂದ್ರೆ ಸಾಕಂತೆ. ಕೆಂಪಣ್ಣನ ಮಾತು ಮಾತ್ರ ಎತ್ತಬ್ಯಾಡಿ."

ಜ್ಞಾನಮ್ಮ ಒಲೆ ಊದುತ್ತಿದ್ದವಳು ಎದ್ದು ಬಂದಳು.

"ನಾವು ದೊರೇನ ಇನ್ನೂ ಕ್ಷಮಿಸಿಲ್ಲ, ರೈಟರೇ. ಅದನ್ನ ಹೇಳಿ ಅವ್ರಿಗೆ. ಕ್ಷಮೆ ಕೇಳ್ಕಳಂಗಿದ್ರೆ ಇಲ್ಲಿಗೇ ಬರ್ಲಿ. ಕೆಂಪಣ್ಣನ್ನ ಕರ್ಕಂಡೇ ಬರ್ಲಿ."

ಪರಮೇಶಪ್ಪ ಅವಳ ಹಿಂದೆ ನೋಡಿದರು. ಗಂಡಸರು, ಹೆಂಗಸರು, ಎಲ್ಲ ಬಾಗಿಲಿನಲ್ಲೂ ನಿಂತಿದ್ದರು. ಕೆಲಸದ ಗಂಟೆ ಹೊಡೆಯಿತು. ಸಾಂತಪ್ಪ ಜಗಲಿಯ ಮೇಲೆ ಕೂತು ಬೀಡಿ ಹಚ್ಚಿದ. ಉಳಿದವರೂ ಒಬ್ಬೊಬ್ಬರಾಗಿ ಕೂತರು.

ಗಂಟೆ ಮತ್ತೆ ಹೊಡೆಯಿತು. ಒಬ್ಬರೂ ಏಳಲಿಲ್ಲ.